ಮೊದಲು ರಾಡು, ಆಮೇಲೆ ಬಾಯ್ಲರು

ಗೆಳೆಯಾ,

ನಿನ್ನ ಕೈಗೆ ಬಂದ ಹಳೆಯ ಹಿತ್ತಾಳೆಯ ಮಾಡೆಲ್ ರೈಲು ಇಂಜಿನ್ ಕಿಟ್‌ನ ಫೋಟೋ ನೋಡಿ ತುಂಬಾ ಖುಷಿಯಾಯಿತು. ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ 5700 ಕ್ಲಾಸ್ ಪ್ಯಾನಿಯರ್ ಟ್ಯಾಂಕ್ (ಬಾಯ್ಲರಿನ ಎರಡೂ ಪಕ್ಕಕ್ಕೆ ನೀರಿನ ಟ್ಯಾಂಕು ಇರುವ ಉಗಿ ಇಂಜಿನ್ನು), ಅದೂ ಒಂದು ತುಂಡನ್ನೂ ಬಿಡಿಸದ ತಗಡು! ರೆಡಿಮೇಡ್ ಸಿಗುವಾಗ ಇದನ್ನು ಯಾಕೆ ಕಟ್ಟಬೇಕು ಅಂತ ಕೇಳಿದ್ದೀಯ. ನಿಜ, 1929ರಿಂದ 1950ರವರೆಗೆ 863 ಇಂಜಿನ್ನುಗಳು ತಯಾರಾದ ಕ್ಲಾಸ್ ಇದು, ಅದರ ಮಾಡೆಲ್‌ಗಳಿಗೂ ಬರವಿಲ್ಲ. ಆದರೆ ಕೊಂಡು ತಂದ ಇಂಜಿನ್ನಿನ ಒಳಗೆ ಏನಿದೆ ಅಂತ ನಾವು ನೋಡುವುದು ಅದು ನಿಂತುಹೋದಾಗ ಮಾತ್ರ. ಕಟ್ಟಿದ ಇಂಜಿನ್ನು ಹಾಗಲ್ಲ, ಅದರ ಪ್ರತಿ ಕೀಲೂ ನಿನ್ನ ಬೆರಳಿಗೆ ಗೊತ್ತಿರುತ್ತದೆ. ಅದಕ್ಕೇ ಕಟ್ಟು ಅನ್ನುತ್ತೇನೆ.

ಬಾಯ್ಲರು, ಟ್ಯಾಂಕು ಚೆಂದ ಕಾಣುತ್ತವೆ ಅಂತ ಅಲ್ಲಿಂದ ಶುರು ಮಾಡಬೇಡ. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಕಪ್ಲಿಂಗ್ ರಾಡು, ಅಂದರೆ ಒಂದು ಪಕ್ಕದ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಸರಳು. ನಿಜವಾದ ಇಂಜಿನ್ನಿನಲ್ಲಿ ಮುಂದಿನ ಮತ್ತು ನಡುವಿನ ಆಕ್ಸಲ್‌ಗಳ ಅಂತರ 7 ಅಡಿ 3 ಇಂಚು, ನಡುವಿನದಕ್ಕೂ ಹಿಂದಿನದಕ್ಕೂ 8 ಅಡಿ 3 ಇಂಚು. ಮಾಡೆಲ್‌ನ ಅಡಿಗೆ 4 ಮಿಲಿಮೀಟರ್ ಲೆಕ್ಕದಲ್ಲಿ ಅದು 29 ಮತ್ತು 33 ಮಿ.ಮೀ. ಆಗುತ್ತದೆ. ಕ್ಯಾಲಿಪರ್ ಹಿಡಿದು ರಾಡಿನ ತೂತುಗಳನ್ನು ಅಳೆ, ಚಾಸಿಯ ತೂತುಗಳನ್ನೂ ಅಳೆ. ಎರಡೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ರಾಡನ್ನೇ ನಂಬಿ, ಆಕ್ಸಲ್ ಬೇರಿಂಗ್‌ಗಳನ್ನು ಅದಕ್ಕೆ ತಕ್ಕಂತೆ ಕೂರಿಸು. ಆಕ್ಸಲ್‌ಗಳ ಅಂತರ ಸರಿಯಿಲ್ಲದ ಇಂಜಿನ್ನು ಎಷ್ಟು ಒಳ್ಳೆಯ ಮೋಟರ್ ಹಾಕಿದರೂ ಕುಂಟುತ್ತದೆ.

ಗಾಲಿಗಳ ಕೋನದ ವಿಷಯವೂ ಹಾಗೇ. ಒಂದು ಕಡೆಯ ಕ್ರ್ಯಾಂಕು (ಗಾಲಿಯಲ್ಲಿ ರಾಡು ಸಿಕ್ಕಿಸುವ ಜಾಗ) ಇನ್ನೊಂದು ಕಡೆಯದಕ್ಕಿಂತ 90 ಡಿಗ್ರಿ ಮುಂದಿರಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಆದರೆ ಮೂರೂ ಆಕ್ಸಲ್‌ಗಳಲ್ಲಿ ಅಷ್ಟೇ ಹೆಚ್ಚು, ಅಷ್ಟೇ ಕಡಿಮೆ ಇರಬೇಕು. ಮೋಟರ್ ಕೂರಿಸುವ ಮೊದಲು ಚಾಸಿಯನ್ನು ಗಾಜಿನ ಮೇಲಿಟ್ಟು ಗಾಜನ್ನು ಸ್ವಲ್ಪ ಓರೆ ಮಾಡು. ತಾನಾಗಿ ಉರುಳಿಕೊಂಡು ಹೋದರೆ ಸರಿ. ಎಲ್ಲೋ ಒಂದು ಕಡೆ ಹಿಡಿದುಕೊಂಡರೆ ಬಹಳ ಜನ ತಕ್ಷಣ ರಾಡಿನ ತೂತು ಹಿಗ್ಗಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮೊದಲು ಕೋನ ನೋಡು, ಗಾಲಿ ತಿರುಗಿಸಿ ಸರಿಪಡಿಸು, ಅರ ಹಿಡಿಯುವುದು ಕೊನೆಗೆ.

ಬೆಸುಗೆಗೆ ಹೆದರುತ್ತೀಯಲ್ಲ, ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಹಿತ್ತಾಳೆ ಶಾಖವನ್ನು ಬೇಗ ಎಳೆದುಕೊಂಡುಬಿಡುತ್ತದೆ, ಆದ್ದರಿಂದ 25 ವಾಟ್‌ನ ಐರನ್ ಸಾಲದು, 50 ವಾಟ್‌ನದು ಇರಲಿ. ಹಳೆಯ ತಗಡಿನ ಮೇಲೆ ಕಿಲುಬು ಕೂತಿರುತ್ತದೆ. ಗ್ಲಾಸ್ ಫೈಬರ್ ಬ್ರಷ್‌ನಿಂದ ಉಜ್ಜಿ ಹೊಳಪು ಬರಿಸಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಲೋಹ ಕಾಯಿಸು. ಕಾದದ್ದು ಸಾಕಾದಾಗ ಸೋಲ್ಡರ್ ಬತ್ತಿಗೆ ಎಣ್ಣೆ ಏರಿದ ಹಾಗೆ ತಾನೇ ಸಂದಿಗೆ ಹರಿಯುತ್ತದೆ. ಆ ಕ್ಷಣ ನೋಡಿದರೆ ಈ ಕೆಲಸದ ರುಚಿ ಹತ್ತಿತೆಂದೇ ಲೆಕ್ಕ. ತಗಡು ಮಡಚುವಾಗ, ಮಡಚಲೆಂದೇ ಅರ್ಧ ಆಳಕ್ಕೆ ಕೊರೆದ ಗೆರೆ ಒಳಗಡೆಗೆ ಬರಲಿ. ಆ ಜಾಗದ ತಗಡು ತೆಳು, ಮಡಚಿದ ಮೇಲೆ ಒಳಗಿನಿಂದ ಸೋಲ್ಡರ್ ಹರಿಸಿ ಗಟ್ಟಿ ಮಾಡು. ರಿವೆಟ್‌ಗಳಂತೆ ಕಾಣುವ ಉಬ್ಬುಚುಕ್ಕೆಗಳನ್ನು ಮಾತ್ರ ಮಡಚುವ ಮೊದಲೇ ಹಿಂದಿನಿಂದ ಒತ್ತಬೇಕು. ದಿನದ ಕೆಲಸ ಮುಗಿದ ಕೂಡಲೇ ಫ್ಲಕ್ಸ್ ತೊಳೆ, ರಾತ್ರಿ ಕಳೆದರೆ ಹಸಿರು ಬಂದುಬಿಡುತ್ತದೆ.

ಬಾಯ್ಲರಿನ ಮೇಲಿನ ಡೋಮು, ಚಿಮಣಿ ವೈಟ್‌ಮೆಟಲ್‌ (ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹ) ಎರಕ ಇದ್ದರೆ ಎಚ್ಚರ, ಮಾಮೂಲಿ ಸೋಲ್ಡರ್‌ನ ಶಾಖಕ್ಕೆ ಅವೇ ಕರಗಿಹೋಗುತ್ತವೆ. ಅದಕ್ಕೆ 70 ಡಿಗ್ರಿಗೆ ಕರಗುವ ಸೋಲ್ಡರ್ ಬೇರೆಯೇ ಇದೆ. ಹಳೆಯ ಎರಕದಲ್ಲಿ ಸೀಸ ಇರಬಹುದು, ಮುಟ್ಟಿದ ಮೇಲೆ ಕೈ ತೊಳೆದುಕೋ.

ಈಗ ಕ್ಯಾಲಿಪರ್ ತಗೊಂಡು ಆ ನಾಲ್ಕು ಅಳತೆ ಬರೆದು ಕಳಿಸು. ಬೇರಿಂಗ್ ಹೇಗೆ ಕೂರಿಸುವುದು ಅಂತ ಅದನ್ನು ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ