ಹೆಸರು ಹೇಳದೆ ಹೋದ ಕ್ಯಾಪ್ಟನ್ ಹುಡುಗಿಗೆ

ತಾಲ್ಲೂಕು ಮಟ್ಟದ ಹೈಸ್ಕೂಲು ಖೋ-ಖೋ. ಮೂರನೇ ಚೌಕದಲ್ಲಿ ಕೂತಿದ್ದ ನಮ್ಮ ಎಂಟನೇ ಕ್ಲಾಸಿನವಳು ಖೋ ಬೀಳುವ ಮೊದಲೇ ಏಳುತ್ತಿದ್ದಳು. ಫೌಲ್ ಆದರೆ ಅಟ್ಟಿಸುವವಳು ಉಲ್ಟಾ ದಿಕ್ಕಿಗೆ ತಿರುಗಬೇಕು. ಕೈಗೆ ಸಿಕ್ಕ ಓಟಗಾರ್ತಿ ಪಾರು. ನಾವು ಎಷ್ಟು ಕೂಗಿದರೂ ಅವಳ ಗಾಬರಿ ಹೆಚ್ಚಿತೇ ಹೊರತು ಇಳಿಯಲಿಲ್ಲ.

ಇನ್ನಿಂಗ್ಸ್ ಮುಗಿದಾಗ ನೀನು, ಬೇರೆ ಶಾಲೆಯವಳು, ಬಂದು ಅವಳ ಹಿಂದೆ ಕೂತೆ. "ಕಿವಿ ನಂಬಬೇಡ ಕಣೇ, ಪಕ್ಕದವಳ ಖೋನೂ ಕೇಳಿಸುತ್ತೆ. ಬೆನ್ನಿಗೆ ಕೈ ತಾಗಿದ ಮೇಲೇ ಏಳು." ಬೆರಳ ತುದಿ ನೆಲಕ್ಕೆ ಊರಿಸಿ, ಹಿಮ್ಮಡಿ ಎತ್ತಿಸಿ, ಹತ್ತು ಸಲ ಆಡಿಸಿದೆ. ನಡುನಡುವೆ ಮುಟ್ಟದೆ ಬರೀ "ಖೋ" ಅಂದೆ. ಮೂರು ಸಲ ಮೋಸಹೋದಳು, ನಾಲ್ಕನೆಯದಕ್ಕೆ ನಕ್ಕಳು! ಹೋಗುವಾಗ ಅವಳ ಜಡೆಯನ್ನೂ ಬಿಗಿಯಾಗಿ ಕಟ್ಟಿದೆ.

ಮುಂದಿನ ಸರದಿಯಲ್ಲಿ ಅವಳಿಂದ ಒಂದೂ ಫೌಲ್ ಇಲ್ಲ. ಹೆಸರು ಕೇಳುವಷ್ಟರಲ್ಲಿ ನಿನ್ನ ತಂಡಕ್ಕೆ ಸೀಟಿ ಊದಿದರು. ಥ್ಯಾಂಕ್ಸ್ ಕಣಮ್ಮಾ.