ಶಾಕ್ ಅಬ್ಸಾರ್ಬರ್ ಬದಲಿಸುವ ಮೊದಲು ಲಿಂಕ್ ನೋಡಿಸಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಹೊಂಡ ಬಿದ್ದ ರಸ್ತೆಗಳಲ್ಲಿ ಓಡಾಡಿದ ಕಾರುಗಳ ಮುಂಭಾಗದಿಂದ 'ಕಟಕಟ' ಸದ್ದು ಬಂದ ಕೂಡಲೇ ಶಾಕ್ ಅಬ್ಸಾರ್ಬರ್ ಹೋಯಿತು ಎಂದು ತೀರ್ಮಾನಿಸುವವರಿದ್ದಾರೆ. ಸಾವಿರಾರು ರೂಪಾಯಿ ಕೊಟ್ಟು ಎರಡೂ ಬದಿಯದನ್ನು ಬದಲಿಸಿದ ಮೇಲೂ ಸದ್ದು ನಿಲ್ಲದಿದ್ದರೆ ಸ್ಟೆಬಿಲೈಸರ್ ಬಾರ್‌ನ ಲಿಂಕ್ ಮತ್ತು ಬುಷ್ ಕಡೆ ನೋಡಬೇಕು. ಅದನ್ನು ಮೊದಲೇ ನೋಡಿದ್ದರೆ ಆ ಖರ್ಚೇ ಬೇಕಿರಲಿಲ್ಲ.

ಈ ಬಾರ್ ಎಂದರೆ ಎಡ ಬಲ ಚಕ್ರಗಳ ನಡುವೆ ಅಡ್ಡಲಾಗಿ ಹಾಯ್ದಿರುವ, ತುದಿಗಳಲ್ಲಿ ಬಾಗಿದ ಸ್ಪ್ರಿಂಗ್ ಉಕ್ಕಿನ ಸರಳು. ನಡುವೆ ಎರಡು ರಬ್ಬರ್ ಬುಷ್‌ಗಳು ಹಿಡಿದಿರುತ್ತವೆ, ತುದಿಗಳು ಲಿಂಕ್ ಎಂಬ ಗಿಡ್ಡ ಕೊಂಡಿಯ ಮೂಲಕ ಸ್ಟ್ರಟ್‌ಗೋ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಲೋವರ್ ಆರ್ಮ್‌ಗೋ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಸೇರುತ್ತವೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಎದ್ದರೆ ಸರಳು ಬುಷ್‌ನೊಳಗೆ ಸುಮ್ಮನೆ ತಿರುಗುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಸ್ಪ್ರಿಂಗ್ ಕುಗ್ಗಿ, ಒಳಬದಿಯದು ಹಿಗ್ಗಿ, ಸರಳು ತಿರುಚಿಕೊಳ್ಳುತ್ತದೆ. ಅದು ಮತ್ತೆ ನೆಟ್ಟಗಾಗಲು ಹೆಣಗುವ ಬಲವೇ ವಾಲುವುದನ್ನು ತಡೆಯುತ್ತದೆ. 20 ಮಿ.ಮೀ. ದಪ್ಪದ ಸರಳಿನ ಜಾಗಕ್ಕೆ 22 ಮಿ.ಮೀ. ಹಾಕಿದರೆ ಬಿಗಿತ ಶೇ 46ರಷ್ಟು ಏರುತ್ತದೆ. ಹಾಗೆಂದು ದಪ್ಪದ್ದು ಹಾಕಿಸುವ ಆಸೆ ಬೇಡ. ಮುಂಭಾಗ ಅತಿ ಬಿಗಿಯಾದರೆ ಒದ್ದೆ ರಸ್ತೆಯ ತಿರುವಿನಲ್ಲಿ ಕಾರು ಸ್ಟೀರಿಂಗ್ ಹೇಳಿದಷ್ಟು ತಿರುಗದೆ ಹೊರಕ್ಕೆ ಜಾರುತ್ತದೆ.

ಸರಳು ಮುರಿಯುವುದು ಅಪರೂಪ. ಸವೆಯುವುದು ಲಿಂಕ್‌ನ ತುದಿಯ ಬಾಲ್ ಜಾಯಿಂಟ್, ಅಂದರೆ ಬಟ್ಟಲಿನೊಳಗೆ ಗುಂಡು ತಿರುಗುವ ಕೀಲು. ಅದನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದರೆ ಗ್ರೀಸ್ ಹೊರಬಂದು ಕೆಸರುನೀರು ಒಳಹೊಗುತ್ತದೆ. ಹರಿದ ಜಾಗದಲ್ಲಿ ಕರಿ ಗ್ರೀಸು ಕೆಂಪು ಮಣ್ಣಿನೊಂದಿಗೆ ಕಲಸಿ ಅಂಟಿಕೊಂಡಿದ್ದರೆ ಆ ಜಾಯಿಂಟ್ ಬಹುಕಾಲ ಬಾಳದು. ನಿಧಾನವಾಗಿ ಸಣ್ಣ ಹೊಂಡಗಳನ್ನು ದಾಟುವಾಗ ಸದ್ದು ಹೆಚ್ಚಾಗುವುದು ಲಿಂಕ್‌ನ ಗುರುತು. ಬುಷ್ ಒಣಗಿ ಗಟ್ಟಿಯಾದರೆ 'ಕಿರ್' ಎನ್ನುತ್ತದೆ.

ಪರೀಕ್ಷೆಯಲ್ಲೇ ತಪ್ಪು ನಡೆಯುತ್ತದೆ. ಒಂದೇ ಚಕ್ರಕ್ಕೆ ಜಾಕಿ ಕೊಟ್ಟರೆ ಸರಳು ತಿರುಚಿ ಲಿಂಕನ್ನು ಬಿಗಿಯಾಗಿ ಎಳೆದಿಡುತ್ತದೆ, ಸಡಿಲ ಗೊತ್ತೇ ಆಗುವುದಿಲ್ಲ. ಎರಡೂ ಚಕ್ರ ಒಂದೇ ಎತ್ತರದಲ್ಲಿರುವಾಗ ಲಿಂಕ್ ಹಿಡಿದು ಅಲ್ಲಾಡಿಸಬೇಕು.

ಬದಲಿಸುವಾಗಲೂ ಎರಡೂ ಚಕ್ರ ಎತ್ತಿ, ಕಾರಿನಡಿ ಸ್ಟ್ಯಾಂಡ್ ಇಡಲೇಬೇಕು. ಕಡಲ ಗಾಳಿಗೆ ನಟ್ಟು ತುಕ್ಕು ಹಿಡಿದಿರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಒಳ್ಳೆಯದು. ಬೋಲ್ಟಿನ ತುದಿಯನ್ನು ಅಲೆನ್ ಕೀಯಿಂದ ಹಿಡಿಯದಿದ್ದರೆ ನಟ್ಟಿನ ಜೊತೆ ಬಾಲ್ ಕೂಡ ಸುತ್ತುತ್ತದೆ. ಎರಡೂ ಬದಿಯ ಲಿಂಕ್ ಒಟ್ಟಿಗೇ ಹಾಕಿಸಿ, ನಟ್ಟುಗಳೂ ಹೊಸವಿರಲಿ. ಕಾರಿನ ಕೈಪಿಡಿಯಲ್ಲಿರುವಷ್ಟೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿಸಬೇಕು. ಬುಷ್‌ಗೆ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.

ಲಿಂಕ್ ಮಾತ್ರ ಬದಲಿಸಿದ್ದಕ್ಕೆ ವೀಲ್ ಅಲೈನ್‌ಮೆಂಟ್ ಬೇಕಿಲ್ಲ. ಹಳೆಯ ಮಾರುತಿ 800ರ ವಿಷಯ ಬೇರೆ: ಅದರಲ್ಲಿ ಲೋವರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದೂ ಇದೇ ಸರಳು. ಬುಷ್ ಸವೆದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ, ಬದಲಿಸಿದ ಮೇಲೆ ಅಲೈನ್‌ಮೆಂಟ್ ನೋಡಿಸಬೇಕು.

ಬಿಲ್ ಕೊಡುವ ಮೊದಲು ಬಿಚ್ಚಿದ ಲಿಂಕನ್ನು ಕೇಳಿ ಪಡೆಯಿರಿ. ಬಾಲ್ ಬೆರಳಿನ ಒತ್ತಡಕ್ಕೇ ಗಡಗಡ ಆಡಿದರೆ ಅದು ಸವೆದದ್ದೇ. ಬಿಗಿಯಾಗಿ, ನಯವಾಗಿ ತಿರುಗಿದರೆ ಸದ್ದಿನ ಮೂಲ ಇನ್ನೂ ಸಿಕ್ಕಿಲ್ಲ, ಕಾರನ್ನು ಹಾಗೇ ತೆಗೆದುಕೊಂಡು ಹೋಗಬೇಡಿ.

— ವಾಹನ ದುರಸ್ತಿಗಾರರು, ಉಡುಪಿ