ತಲೆ ತಗ್ಗಿಸಿ ನೋಡಿದ ವಿಮಾನ: ಬೀದರಿನ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬೀದರಿನಲ್ಲಿ ಓದುತ್ತಿದ್ದಾಗ ವಿಮಾನ ನೋಡಲು ನಾವು ತಲೆ ಎತ್ತಬೇಕಿತ್ತು. ಕಳೆದ ಅಕ್ಟೋಬರಿನ ಒಂದು ಮಂಗಳವಾರ ಬ್ರಿಟನ್ನಿನ ವೇಲ್ಸ್‌ನ ಗುಡ್ಡವೊಂದರ ಮೇಲೆ ನಿಂತು ನಾನು ವಿಮಾನ ನೋಡಲು ತಲೆ ತಗ್ಗಿಸಿದೆ. ಇದನ್ನು ಫೋನಿನಲ್ಲಿ ಹೇಳಲು ಹೋಗಿ ಎರಡು ಬಾರಿ ಸೋತಿರುವುದರಿಂದ ಈ ಪತ್ರ.

ಆ ಜಾಗವನ್ನು ಮ್ಯಾಕ್ ಲೂಪ್ ಎನ್ನುತ್ತಾರೆ. ಶಬ್ದದ ವೇಗವನ್ನು ಅಳೆಯುವ ಮ್ಯಾಕ್ ಇದು ಎಂದು ನಾನೂ ಬಹಳ ದಿನ ನಂಬಿದ್ದೆ. ಆದರೆ ಅದು ಮಖನ್ಲೆತ್ ಎಂಬ ಸಣ್ಣ ಪೇಟೆಯ ಹೆಸರಿನ ಮೊದಲ ತುಂಡು, ಅಷ್ಟೇ. ಆ ಪೇಟೆಗೂ ಉತ್ತರದ ಡೊಲ್ಗೆಲ್ಲೈಗೂ ನಡುವೆ ಒಂದಕ್ಕೊಂದು ಕೂಡಿಕೊಂಡ ಕಣಿವೆಗಳು ಬಳೆಯ ಹಾಗೆ ಸುತ್ತುಗಟ್ಟಿವೆ, ಯುದ್ಧ ವಿಮಾನಗಳು ಆ ಬಳೆಯೊಳಗೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತವೆ. ಅಪ್ರದಕ್ಷಿಣೆ ಎಂದರೆ ನಿಮ್ಮ ಅಜ್ಜಿ ಖಂಡಿತ ಒಪ್ಪುತ್ತಿರಲಿಲ್ಲ. ನೆಲದಿಂದಾಗಲಿ ಗುಡ್ಡದ ಮೈಯಿಂದಾಗಲಿ 250 ಅಡಿ ದೂರ ಉಳಿಸಿಕೊಳ್ಳಬೇಕೆಂಬುದು ಅವುಗಳಿಗಿರುವ ನಿಯಮ, ಅಂದರೆ ನಮ್ಮ ಗವಾನ್ ಮದರಸಾದ ಮಿನಾರಿನ ಹತ್ತಿರಹತ್ತಿರ ಎರಡರಷ್ಟು. ವೇಗ ಸಾಮಾನ್ಯವಾಗಿ ಗಂಟೆಗೆ 780 ಕಿಲೋಮೀಟರಿನ ಆಸುಪಾಸು.

ಇಷ್ಟು ಕೆಳಗೆ ಹಾರುವ ಹಟ ಯಾತಕ್ಕೆ ಎಂದು ನೀನು ಕೇಳಿದ್ದೆ. ರೇಡಾರ್ ನೇರ ದೃಷ್ಟಿಯ ಯಂತ್ರ, ಗುಡ್ಡದ ಆಚೆ ಬದಿ ಅದಕ್ಕೆ ಕಾಣುವುದಿಲ್ಲ. ಗುಡ್ಡವೇ ಇಲ್ಲದ ಬಯಲಿನಲ್ಲಿಯೂ ಭೂಮಿಯ ಬಾಗು ಅಡ್ಡ ಬರುತ್ತದೆ: ಹತ್ತು ಕಿಲೋಮೀಟರ್ ಎತ್ತರದಲ್ಲಿ ಬರುವ ವಿಮಾನ ನೆಲದ ರೇಡಾರಿಗೆ ನಾನೂರು ಕಿಲೋಮೀಟರ್ ದೂರದಿಂದಲೇ ಸಿಕ್ಕಿಬೀಳಬಹುದು, 250 ಅಡಿಯಲ್ಲಿ ಬರುವುದು ಮೂವತ್ತೈದು ಕಿಲೋಮೀಟರ್ ಚಿಲ್ಲರೆಗೆ ಬರುವ ತನಕ ದಿಗಂತದ ಕೆಳಗೇ ಇರುತ್ತದೆ. ಆ ಮೇಲೆ ಕಾವಲಿನವನಿಗೆ ಉಳಿಯುವುದು ಮೂರು ನಿಮಿಷವೂ ಇಲ್ಲ. ನಮ್ಮ ವಾಯುಪಡೆಯ ಜಾಗ್ವಾರ್ ದಾಳಿ ವಿಮಾನಗಳು ಕಟ್ಟಲ್ಪಟ್ಟದ್ದು ಇದೇ ಲೆಕ್ಕದ ಮೇಲೆ.

ನಾನು ನಿಂತ ಗುಡ್ಡಕ್ಕೆ ವಿಮಾನ ನೋಡಲು ಬರುವವರು ಇಟ್ಟ ಹೆಸರು ಕ್ಯಾಡ್ ವೆಸ್ಟ್. ರಸ್ತೆಬದಿಯಲ್ಲಿ ಕಾರು ಬಿಟ್ಟು, ಕೆಸರು ತುಳಿಯುತ್ತ ಅರ್ಧ ಗಂಟೆ ಏರಿದ ಮೇಲೆ ಎದುರಿಗೆ ಕಾದೈರ್ ಇದ್ರಿಸ್ ಬೆಟ್ಟದ ಸಾಲು, ಬುಡದಲ್ಲಿ ತಾಲಿಲಿನ್ ಕೆರೆಯ ಕಡೆಗೆ ಇಳಿಯುವ ಕಣಿವೆ. ವಾರದ ದಿನಗಳಲ್ಲಿ ಬರುತ್ತವೆ ಎನ್ನುವುದನ್ನು ಬಿಟ್ಟರೆ ವೇಳಾಪಟ್ಟಿಯೆಂಬುದಿಲ್ಲ. ಮೂರು ಗಂಟೆ ನಾನು ನೋಡಿದ್ದು ಕುರಿಗಳನ್ನು, ಮಳೆಯನ್ನು, ಮತ್ತೆ ಕುರಿಗಳನ್ನು. ಪಕ್ಕದಲ್ಲಿ ಮಾರುದ್ದದ ಲೆನ್ಸಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಕೂತಿದ್ದ ಮುದುಕರೊಬ್ಬರು ಡಬ್ಬಿಯಿಂದ ಬಿಸ್ಕತ್ತು ಕೊಟ್ಟು, ನಿನ್ನೆ ಇಡೀ ದಿನ ಒಂದೂ ಬರಲಿಲ್ಲ ಎಂದು ಸಂತೋಷದಿಂದಲೇ ಹೇಳಿದರು.

ಆಮೇಲೆ ಯಾರೋ ಒಂದೇ ಒಂದು ಕೂಗು ಹಾಕಿದರು, ಡಬ್ಬಿ ಮುಚ್ಚುವ ಮೊದಲೇ ಅದು ಬಂದಿತ್ತು. ಇಂಗ್ಲೆಂಡಿನ ಲೇಕನ್‌ಹೀತ್ ವಾಯುನೆಲೆಯ ಅಮೆರಿಕನ್ ಯುದ್ಧ ವಿಮಾನ ಎಫ್-15, ಎರಡು ಎಂಜಿನ್ನಿನ ಬೂದು ಬಣ್ಣದ ದೊಡ್ಡ ದೇಹ, ಕಣಿವೆಯ ತಿರುವಿಗೆ ಸರಿಯಾಗಿ ಪಕ್ಕಕ್ಕೆ ವಾಲಿ ತನ್ನ ಬೆನ್ನನ್ನು ಪೂರ್ತಿಯಾಗಿ ನಮ್ಮ ಕಡೆಗೆ ತಿರುಗಿಸಿತು. ರೆಕ್ಕೆಗಳ ಮೇಲಿನ ತೇವದ ಗಾಳಿ ಒಮ್ಮೆಗೇ ಬೆಳ್ಳಗೆ ಮಂಜಾಗಿ, ನೋಡುತ್ತಿದ್ದಂತೆ ಹರಿದುಹೋಯಿತು. ಗಾಜಿನ ಕೆಳಗೆ ಎರಡು ಹೆಲ್ಮೆಟ್‌ಗಳು ಕಂಡವು. ಹಿಂದಿನ ಸೀಟಿನವನು ಕತ್ತು ತಿರುಗಿಸಿದ್ದು ನಮ್ಮ ಕಡೆಗಲ್ಲ, ತಿರುವಿನ ಒಳಬದಿಗೆ, ಮುಂದೆ ಹೋಗಬೇಕಾದ ಕಣಿವೆಯ ಬಾಯಿಗೆ. ಸದ್ದು ನಮ್ಮನ್ನು ಮುಟ್ಟುವಷ್ಟರಲ್ಲಿ ವಿಮಾನ ನೂರಾರು ಅಡಿ ಮುಂದೆ ಹೋಗಿರುತ್ತದೆ, ಆದ್ದರಿಂದ ಕಿವಿ ತೋರಿಸಿದ ದಿಕ್ಕಿಗೆ ಕಣ್ಣು ಹಾಯಿಸಿದರೆ ಅಲ್ಲಿ ಬರೀ ಗುಡ್ಡ. ಸದ್ದು ಕಿವಿಗಿಂತ ಎದೆಗೂಡಿಗೆ ಮೊದಲು ತಾಗಿತು. ಕುರಿಗಳು ಮಾತ್ರ ಮೇಯುವುದನ್ನು ನಿಲ್ಲಿಸಲಿಲ್ಲ. ಕ್ಯಾಮೆರಾ ಕೈಯಲ್ಲಿದ್ದರೂ ನನಗೆ ಒಂದು ಚಿತ್ರವೂ ಸಿಗಲಿಲ್ಲ, ಜೊತೆಗಾರ ವಿಮಾನ ಬಂದಾಗಲೂ ನಾನು ಬಾಯಿ ತೆರೆದೇ ನಿಂತಿದ್ದೆ.

ಯಲಹಂಕದ ಏರೋ ಇಂಡಿಯಾದಲ್ಲಿ ನಾವಿಬ್ಬರೂ ಇದಕ್ಕಿಂತ ಚಮತ್ಕಾರದ ಹಾರಾಟಗಳನ್ನು ನೋಡಿದ್ದೇವೆ, ಅದು ನಿಜ. ಆದರೆ ಅಲ್ಲಿನ ಪ್ರತಿ ಸುತ್ತೂ ನಮಗಾಗಿ ಹಾಕಿದ್ದು: ಧ್ವನಿವರ್ಧಕದಲ್ಲಿ ಪೈಲಟ್‌ನ ಹೆಸರು ಹೇಳುತ್ತಾರೆ, ಬಲಗಡೆ ನೋಡಿ ಎನ್ನುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಈ ಗುಡ್ಡದ ಮೇಲೆ ಯಾರೂ ನಮ್ಮನ್ನು ಕರೆದಿರಲಿಲ್ಲ. ವಿಮಾನದಲ್ಲಿದ್ದವರಿಗೆ ಆ ಹೊತ್ತಿನಲ್ಲಿ ಕಲಿಯಲು ಒಂದು ಪಾಠವಿತ್ತು, ನಾವು ಅವರ ದಾರಿಬದಿಯ ಕಲ್ಲುಗಳ ಸಾಲಿಗೆ ಸೇರಿದ್ದೆವು. ನನ್ನ ಮಟ್ಟಿಗೆ ಪ್ರದರ್ಶನದ ಹಾರಾಟಕ್ಕಿಂತ ಇದೇ ಹೆಚ್ಚು, ಮತ್ತೊಬ್ಬರ ಕೆಲಸವನ್ನು ಬೇಲಿಯಾಚೆಯಿಂದ ಕದ್ದು ನೋಡಿದ ಹಾಗೆ. ಈ ಕಣಿವೆಗಳಲ್ಲೇ ಬಾಳುವ ರೈತರಿಗೆ, ಕುದುರೆ ಸವಾರರಿಗೆ ಇದು ಇಷ್ಟು ರಮ್ಯವಲ್ಲ ಎಂಬುದನ್ನೂ ಹೇಳಬೇಕು. ಅವರು ಬಯಸಿ ಬಂದು ನೋಡುವುದಿಲ್ಲ.

ಹೊರಡುವ ಹೊತ್ತಿಗೆ ಒಂದು ಹಾಕ್ ಬಂತು, ವೇಲ್ಸ್‌ನ ವ್ಯಾಲಿ ಎಂಬ ವಾಯುನೆಲೆಯ ತರಬೇತಿ ವಿಮಾನ. ಸುಲಭವಾಗಿ ಕಣ್ಣಿಗೆ ಬೀಳಲೆಂದೇ ಇಲ್ಲಿ ಅವಕ್ಕೆ ಹೊಳೆಯುವ ಕಪ್ಪು ಬಣ್ಣ ಬಳಿಯುತ್ತಾರೆ. ಎಫ್-15ರ ಗುಡುಗಿನ ನಂತರ ಇದರದು ತೆಳುವಾದ ಸೀಟಿಯಂಥ ಸದ್ದು. ಅದನ್ನು ಕೇಳಿದ ಕ್ಷಣ ನಾನು ನಿಮ್ಮ ಮನೆಯ ಮಾಳಿಗೆಯ ಮೇಲಿದ್ದೆ. ನಾವು ಶಾಲೆಯಲ್ಲಿದ್ದಾಗ ಬೀದರಿನ ವಾಯುನೆಲೆಯಲ್ಲಿ ಕಿರಣ್ ತರಬೇತಿ ವಿಮಾನಗಳ ಕಾಲ, ವಾಯುಪಡೆಯ ಸೂರ್ಯಕಿರಣ ಪ್ರದರ್ಶನ ತಂಡದ ಒಂಬತ್ತು ವಿಮಾನಗಳು ಅಭ್ಯಾಸಕ್ಕೆ ಏರಿದರೆ ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟು ಸದ್ದು ಅಡಗಲು ಕಾಯುತ್ತಿದ್ದರು. 2008ರಲ್ಲಿ ಹಾಕ್ ಬೀದರಿಗೆ ಬಂದ ಮೇಲೆ ರಜೆಗೆ ಬಂದಾಗಲೆಲ್ಲ ಕೇಳಿದ್ದು ಈ ಸೀಟಿಯನ್ನೇ. ನಮ್ಮ ಹಾಕ್‌ಗಳಲ್ಲಿ ಹೆಚ್ಚಿನವನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟಿತು. ಎರಡೂ ಕಡೆಯ ಹಾಕ್‌ಗಳಿಗೆ ಇರುವುದು ಅಡೂರ್ ಎಂಜಿನ್. ಇಲ್ಲಿನದು 951 ಎಂಬ ಮಾದರಿ, ನಮ್ಮದು 871 ಎಂಬುದಷ್ಟೇ ವ್ಯತ್ಯಾಸ.

ಆ ಹಾಕ್‌ನ ಸದ್ದನ್ನು ಫೋನಿನಲ್ಲಿ ಹಿಡಿದಿದ್ದೇನೆ, ಕೊನೆಯಲ್ಲಿ ಮುದುಕರ ಕೆಮ್ಮೂ ಇದೆ. ಮುಂದಿನ ಬಾರಿ ನಿನ್ನ ಮಾಳಿಗೆಯ ಮೇಲೆ ಹಾಕ್ ಹಾದುಹೋದಾಗ ನೀನೂ ಹಿಡಿದು ಕಳಿಸು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, 951ಕ್ಕೂ 871ಕ್ಕೂ ನನ್ನ ಕಿವಿಗೆ ಭೇದ ಗೊತ್ತಾಗುತ್ತದೆಯೋ ಎಂದು ನೋಡಬೇಕು.

ನಿನ್ನ ಗೆಳೆಯ